ಲಸಿಕೆ ಪೋಸ್ಟ್ ಕೆಳಗೆ ಬೈಯುವವರೆಲ್ಲ ಲಸಿಕೆ ವಿರೋಧಿಗಳಾ?

ಲಸಿಕೆ ಅಭಿಯಾನದ ಪೋಸ್ಟ್ ಹಾಕಿದರೆ ಸಾಕು, ಜನ ಮುಗಿಬಿದ್ದು ಬೈಯುತ್ತಾರೆ, ಯಾಕೆ ಅಂತ ಕೇಳಿದ್ದೀರಿ. ದಾವಣಗೆರೆಯಲ್ಲಿ ನನ್ನದೊಂದು ಮೆಡಿಕಲ್ ಶಾಪ್ ಇದೆ. ‘ನಮ್ಮ ಮೇಲೆ ಪ್ರಯೋಗ ಮಾಡ್ತಿದ್ದಾರೆ’ ಎಂದು ಫೇಸ್‌ಬುಕ್ಕಿನಲ್ಲಿ ಬರೆದವರೇ ಸಂಜೆ ಬಂದು, ‘ಮಗನಿಗೆ ಇಂಜೆಕ್ಷನ್ ಹಾಕಿಸಿದ್ವಿ, ಜ್ವರಕ್ಕೆ ಏನಾದ್ರೂ ಕೊಡಿ’ ಅಂತಾರೆ. ಅವರಿಗೆ ಸಿಟ್ಟಿರುವುದು ಸೂಜಿಯ ಮೇಲಲ್ಲ.

2021ರ ಮೇ ನೆನಪಿಸಿಕೊಳ್ಳಿ. 18 ದಾಟಿದವರಿಗೆಲ್ಲ ಕೊರೊನಾ ಲಸಿಕೆ ಅಂದರು, ಸ್ಟಾಕ್ ಇರಲಿಲ್ಲ. ಅದೇ ತಿಂಗಳು ಕೋವಿಶೀಲ್ಡ್ ಎರಡನೇ ಡೋಸಿನ ಅಂತರ 6–8 ವಾರದಿಂದ 12–16 ವಾರಕ್ಕೆ ಹೋಯಿತು. ಅಂತರ ಜಾಸ್ತಿಯಾದರೆ ರಕ್ಷಣೆ ಚೆನ್ನಾಗಿರುತ್ತದೆ ಎನ್ನುವುದಕ್ಕೆ ಬ್ರಿಟನ್ನಿನಲ್ಲಿ ಆಧಾರ ಸಿಕ್ಕಿದ್ದು ನಿಜ. ಆದರೆ ಸ್ಟಾಕ್ ಇಲ್ಲದ ಹೊತ್ತಲ್ಲಿ ಹೇಳಿದರೆ ಯಾರು ನಂಬುತ್ತಾರೆ?

ಇದಕ್ಕಿಂತ ದೊಡ್ಡ ಎಡವಟ್ಟು ಇನ್ನೊಂದಿದೆ. ಕೋವಿಶೀಲ್ಡ್‌ನಿಂದ ತೀರಾ ಅಪರೂಪಕ್ಕೆ ರಕ್ತ ಹೆಪ್ಪುಗಟ್ಟಬಹುದು ಎಂದು ಕೇಂದ್ರದ ಸಮಿತಿ ಆಗಲೇ ಹೇಳಿತ್ತು. 10 ಲಕ್ಷ ಡೋಸಿಗೆ 0.61 ಪ್ರಕರಣ ಎಂದು ಲೆಕ್ಕವನ್ನೂ ಕೊಟ್ಟಿತ್ತು. ನಾನು ನೋಡಿದ ಪೋಸ್ಟರುಗಳಲ್ಲಿ ಮಾತ್ರ ‘ಸಂಪೂರ್ಣ ಸುರಕ್ಷಿತ’, ಅಷ್ಟೇ. 2024ರಲ್ಲಿ ಕೋವಿಶೀಲ್ಡ್‌ನ ಮೂಲ ಕಂಪನಿ ಆಸ್ಟ್ರಾಜೆನೆಕಾ ಲಂಡನ್ ಕೋರ್ಟಿನಲ್ಲಿ ಅದನ್ನು ಒಪ್ಪಿಕೊಂಡ ಸುದ್ದಿ ಬಂತು ನೋಡಿ, ಗುಟ್ಟು ರಟ್ಟಾಯಿತು ಎನ್ನುವ ಹಾಗೆ ಎಲ್ಲರ ಸ್ಟೇಟಸ್ಸಲ್ಲೂ ಅದೇ. ಮೂರು ವರ್ಷದ ಹಿಂದೆ ಹಾಕಿಸಿಕೊಂಡವರು ಬಂದು ರಕ್ತ ತೆಳು ಮಾಡುವ ಮಾತ್ರೆ ಕೇಳಿದರು! ಆ ತೊಂದರೆ ಬರುವುದಿದ್ದರೆ ಹೆಚ್ಚಾಗಿ ಮೊದಲ ಕೆಲವು ವಾರದಲ್ಲೇ ಬರುತ್ತದೆ ಅಂತ ಹೇಳಿ ಕಳಿಸಿದೆ. ಇದನ್ನೇ 2021ರಲ್ಲಿ ಕನ್ನಡದಲ್ಲಿ ನಾಲ್ಕು ಸಾಲು ಬರೆದು ಹಾಕಬಹುದಿತ್ತಲ್ವಾ?

ಸುಳ್ಳು ಹಬ್ಬಿಸುವವರು ಇಲ್ಲ ಅಂತಲ್ಲ. 2017ರ ಫೆಬ್ರವರಿಯಲ್ಲಿ 9 ತಿಂಗಳಿಂದ 15 ವರ್ಷದವರೆಗಿನ ಮಕ್ಕಳಿಗೆ ದಡಾರ-ರುಬೆಲ್ಲಾ ಲಸಿಕೆ ಶುರುವಾದಾಗ ‘ಮುಂದೆ ಮಕ್ಕಳಾಗಲ್ಲ’ ಎಂಬ ಫಾರ್ವರ್ಡ್ ಸುತ್ತುತ್ತಿತ್ತು. ನಿಜ ನೋಡಿದರೆ ಪೂರ್ತಿ ಉಲ್ಟಾ. ಬಸುರಿಗೆ ಮೊದಲ ತಿಂಗಳುಗಳಲ್ಲಿ ರುಬೆಲ್ಲಾ ತಗುಲಿದರೆ ಹುಟ್ಟುವ ಕೂಸಿನ ಕಣ್ಣು, ಕಿವಿ, ಹೃದಯಕ್ಕೆ ಕುತ್ತು. ಅದನ್ನು ತಪ್ಪಿಸಲಿಕ್ಕೇ ಆ ಲಸಿಕೆ.

ನಿಜವಾಗಿ ಹಿಂದೆ ಸರಿಯುವವರು ಕಾಮೆಂಟ್ ಹಾಕುವುದೇ ಇಲ್ಲ. ಮಂಡಕ್ಕಿ ಭಟ್ಟಿ ಕಡೆಯ ಹೆಂಗಸರು ಅಂಗಡಿಗೆ ಬಂದಾಗ ಕೇಳುವುದು ಇಷ್ಟೇ: ‘ಅಣ್ಣಾ, ಜ್ವರ ಎಷ್ಟು ದಿನ ಇರುತ್ತೆ? ನಾನು ಕೂಸಿನ ಹತ್ರ ಕೂತ್ರೆ ಕೂಲಿಗೆ ಹೋಗೋರು ಯಾರು?’ ದಡಾರ ಲಸಿಕೆಯ ಜ್ವರ ಕೆಲವು ಮಕ್ಕಳಿಗೆ ವಾರ ಕಳೆದ ಮೇಲೆ ಬರುತ್ತದೆ. ಮೊದಲೇ ಯಾರೂ ಹೇಳಿರದಿದ್ದರೆ ಗಾಬರಿ ಆಗದೆ ಇರುತ್ತಾ? ಆ ಗಾಬರಿಯಲ್ಲಿ ಅಕ್ಕನಿಗೊಂದು ವಾಯ್ಸ್ ಮೆಸೇಜ್ ಹೋಗುತ್ತದೆ, ರಾತ್ರಿಯೊಳಗೆ ಓಣಿಗೆಲ್ಲ ಗೊತ್ತು.

ನೀವು ಸುಮ್ನೆ ಕಾಮೆಂಟ್ ಎಣಿಸುತ್ತಾ ಕೂತರೆ ಇದು ಸಿಗುವುದಿಲ್ಲ. ಆಶಾ ಕಾರ್ಯಕರ್ತೆಯರನ್ನು ಕೇಳಿ. ಇಂಥ ಮೆಸೇಜುಗಳನ್ನು ‘ಅಕ್ಕಾ, ಇದು ನಿಜಾನಾ?’ ಅಂತ ಅವರಿಗೇ ಕಳಿಸುತ್ತಾರೆ.