ಬೆಸುಗೆ ಹಿಡಿಯದಿದ್ದರೆ ಎಲ್ಲಿ ನೋಡಬೇಕು?

ಪ್ರಶ್ನೆ: ಸೋಲ್ಡರ್ ಪೇಸ್ಟ್ ಕರಗಿಸಿ ಬೆಸೆಯುವ ರಿಫ್ಲೋ ಓವನ್‌ನಿಂದ ಹೊರಬರುವ ಎಲೆಕ್ಟ್ರಾನಿಕ್ ಸರ್ಕ್ಯೂಟ್ ಬೋರ್ಡ್‌ಗಳಲ್ಲಿ ಕೆಲವು 0402 ಅಳತೆಯ ಕೆಪಾಸಿಟರ್‌ಗಳು ಒಂದೇ ತುದಿಯ ಮೇಲೆ ನೆಟ್ಟಗೆ ಎದ್ದು ನಿಂತಿರುತ್ತವೆ. ಗರಿಷ್ಠ ಶಾಖ ಏರಿಸಿ ನೋಡಿದೆವು, ಇಳಿಸಿ ನೋಡಿದೆವು, ತೊಂದರೆ ತಪ್ಪಲಿಲ್ಲ. ಲೆಡ್-ಫ್ರೀ (ಸೀಸವಿಲ್ಲದ) ಪೇಸ್ಟ್ ಬಳಸುತ್ತೇವೆ.

ಉತ್ತರ: ಓವನ್ನನ್ನು ಸದ್ಯಕ್ಕೆ ಮುಟ್ಟಬೇಡಿ. ಇಪ್ಪತ್ತು ಬೋರ್ಡ್ ತೆಗೆದುಕೊಂಡು, ಎದ್ದು ನಿಂತ ಕೆಪಾಸಿಟರ್‌ಗಳನ್ನೆಲ್ಲ ಒಂದೇ ನಕ್ಷೆಯ ಮೇಲೆ ಗುರುತು ಹಾಕಿ. ಗುರುತುಗಳು ಪದೇಪದೇ ಅದೇ ಜಾಗದಲ್ಲಿ ಬಿದ್ದರೆ ದೋಷ ಪ್ಯಾಡ್ (ಭಾಗವನ್ನು ಬೆಸೆಯುವ ತಾಮ್ರದ ತುಣುಕು) ವಿನ್ಯಾಸದ್ದು, ಇಲ್ಲವೇ ಪೇಸ್ಟ್ ಹಚ್ಚಲು ಬಳಸುವ ಕಿಂಡಿಗಳ ತಗಡಾದ ಸ್ಟೆನ್ಸಿಲ್‌ನದು. ಚದುರಿ ಬಿದ್ದರೆ ಪೇಸ್ಟ್ ಪ್ರಿಂಟಿಂಗ್, ಭಾಗ ಕೂರಿಸುವ ಯಂತ್ರ, ಶಾಖ ಏರುವ ವೇಗ ಇವುಗಳ ಮೇಲೆ ಅನುಮಾನ ಪಡಬೇಕು.

0402 ಎಂದರೆ 1 ಮಿ.ಮೀ. ಉದ್ದ, 0.5 ಮಿ.ಮೀ. ಅಗಲದ ಹಗುರ ಭಾಗ. ಎರಡೂ ತುದಿಯ ಪೇಸ್ಟ್ ಒಟ್ಟಿಗೆ ಕರಗಿದರೆ ಸೆಳೆತ ಸಮನಾಗಿ ಅದು ಸಪಾಟಾಗಿ ಕೂರುತ್ತದೆ. ಒಂದು ತುದಿ ಮೊದಲು ಕರಗಿತೋ, ಆ ಸೋಲ್ಡರಿನ ಮೇಲ್ಮೈ ಸೆಳೆತಕ್ಕೆ ಎದುರು ತುದಿ ಮೇಲೇಳುತ್ತದೆ. ತಡವಾಗಿ ಕರಗುವುದು ಬಹುಪಾಲು ಗ್ರೌಂಡ್ ಪ್ಲೇನ್‌ಗೆ (ಬೋರ್ಡಿನ ಅಗಲವಾದ ಗ್ರೌಂಡ್ ತಾಮ್ರದ ಪದರಕ್ಕೆ) ನೇರವಾಗಿ ಸೇರಿದ ಪ್ಯಾಡ್. ಅಷ್ಟಗಲದ ತಾಮ್ರ ಶಾಖವನ್ನು ಹೀರುತ್ತಿರುತ್ತದೆ. ಮುಂದಿನ ವಿನ್ಯಾಸದಲ್ಲಿ ಆ ಪ್ಯಾಡನ್ನು ಥರ್ಮಲ್ ರಿಲೀಫ್ ಮೂಲಕ, ಅಂದರೆ ತೆಳುವಾದ ತಾಮ್ರದ ಎಳೆಗಳಿಂದಷ್ಟೇ ಪ್ಲೇನ್‌ಗೆ ಸೇರಿಸಿ.

ಈಗಾಗಲೇ ತಯಾರಾಗಿರುವ ಬೋರ್ಡ್‌ಗಳಿಗೆ ದಾರಿ ಬೇರೆ. ತೊಂದರೆ ಕೊಡುವ ಒಂದು ಕೆಪಾಸಿಟರ್‌ನ ಎರಡೂ ಪ್ಯಾಡ್‌ಗೆ ಶಾಖ ಅಳೆಯುವ ಥರ್ಮೋಕಪಲ್ ಅಂಟಿಸಿ ಓವನ್‌ನಲ್ಲಿ ಓಡಿಸಿ. ಎಸ್‌ಎಸಿ305 (ತವರ, ಬೆಳ್ಳಿ, ತಾಮ್ರ ಬೆರೆತ ಲೆಡ್-ಫ್ರೀ) ಪೇಸ್ಟ್ 217 ಡಿಗ್ರಿ ಸೆಲ್ಸಿಯಸ್ ಹೊತ್ತಿಗೆ ಕರಗತೊಡಗುತ್ತದೆ. ಆ ಗಡಿಯನ್ನು ಎರಡೂ ಪ್ಯಾಡ್ ಒಟ್ಟಿಗೆ ದಾಟಬೇಕು. 150ರಿಂದ 200 ಡಿಗ್ರಿ ನಡುವೆ 60ರಿಂದ 120 ಸೆಕೆಂಡ್ ಹಿಡಿದಿಟ್ಟು, ಅಲ್ಲಿಂದಾಚೆಗೆ ಸೆಕೆಂಡಿಗೆ 1 ಡಿಗ್ರಿಯ ಆಸುಪಾಸಿನಲ್ಲಿ ಏರಿಸಿ. ಪೇಸ್ಟ್ ತಯಾರಕರು ಕೊಟ್ಟ ಮಿತಿಯನ್ನು ಮಾತ್ರ ಮೀರಬೇಡಿ. ಗರಿಷ್ಠ ಶಾಖ ಬದಲಿಸಿಯೂ ನಿಮಗೆ ಫಲ ಕಾಣದ್ದು ಇದಕ್ಕೇ: ಭಾಗ ಏಳುವುದು ಪೇಸ್ಟ್ ಕರಗುವ ಗಳಿಗೆಯಲ್ಲಿ, ಗರಿಷ್ಠ ಶಾಖಕ್ಕೆ ಮುಟ್ಟುವ ಮೊದಲೇ.

ಓವನ್‌ಗೆ ಹೋಗುವ ಮುನ್ನ ಮೈಕ್ರೋಸ್ಕೋಪ್ ಕೆಳಗೂ ನೋಡಿ. ಭಾಗದ ಎರಡೂ ಲೋಹದ ತುದಿಗಳು ಪೇಸ್ಟ್ ಮೇಲೆ ಸಮನಾಗಿ ಕೂತಿರಬೇಕು. ಪ್ಯಾಡ್‌ಗಳ ನಡುವಿನ ಅಂತರ ಹೆಚ್ಚಾಗಿ ಒಂದು ತುದಿ ಅಂಚಿಗಷ್ಟೇ ತಾಗಿದ್ದರೆ ಯಾವ ಶಾಖದಿಂದಲೂ ಉಪಯೋಗವಿಲ್ಲ. ನೈಟ್ರೋಜನ್ ಹಾಯಿಸುತ್ತಿದ್ದರೆ ಅದೂ ಲೆಕ್ಕಕ್ಕೆ ಬರುತ್ತದೆ: ಆಕ್ಸಿಜನ್ ತೀರಾ ಕಡಿಮೆಯಾದಾಗ ಸೋಲ್ಡರ್ ಬೇಗ ಹರಡಿಕೊಂಡು ಈ ದೋಷ ಹೆಚ್ಚುವುದುಂಟು.

ಪ್ರಶ್ನೆ: ಒಂದು ಕ್ಯೂಎಫ್ಎನ್ ಚಿಪ್ (ಕಾಲುಗಳಿಲ್ಲದೆ ಅಡಿಯ ಪ್ಯಾಡ್‌ಗಳಿಂದ ಬೆಸೆಯುವ ಚಿಪ್) ಬೆರಳಿನಿಂದ ಒತ್ತಿದಾಗ ಕೆಲಸ ಮಾಡುತ್ತದೆ, ಬಿಟ್ಟರೆ ನಿಲ್ಲುತ್ತದೆ.

ಉತ್ತರ: ಅಂಚಿನ ಯಾವುದೋ ಪ್ಯಾಡ್ ಬೆಸೆದಿಲ್ಲ. ಆದರೆ ಮೊದಲು ನೋಡಬೇಕಾದ್ದು ನಡುವಿನ ದೊಡ್ಡ ಥರ್ಮಲ್ ಪ್ಯಾಡನ್ನು. ಅದರ ಮೇಲೆ ಸ್ಟೆನ್ಸಿಲ್ ಕಿಂಡಿ ಪೂರ್ತಿ ತೆರೆದಿದ್ದರೆ ಪೇಸ್ಟ್ ಅತಿಯಾಗಿ, ಕರಗಿದಾಗ ಚಿಪ್ ಸೋಲ್ಡರ್ ಮೇಲೆ ತೇಲುತ್ತದೆ. ಅಂಚಿನ ಪ್ಯಾಡ್‌ಗಳಿಗೆ ಸೋಲ್ಡರ್ ಎಟುಕುವುದಿಲ್ಲ. ಆ ಒಂದು ಕಿಂಡಿಯನ್ನು ಹಲವು ಸಣ್ಣ ಚೌಕಗಳಾಗಿ ಒಡೆದು, ಒಟ್ಟು 50ರಿಂದ 70% ಪ್ಯಾಡ್ ಮಾತ್ರ ಮುಚ್ಚುವಂತೆ ಮಾಡಿಸಿ. ಚೌಕಗಳ ನಡುವಿನ ಸಂದಿಯಲ್ಲಿ ಫ್ಲಕ್ಸ್‌ನ (ಲೋಹವನ್ನು ಶುಚಿ ಮಾಡಿ ಸೋಲ್ಡರ್ ಹಿಡಿಯಲು ನೆರವಾಗುವ ವಸ್ತುವಿನ) ಆವಿಯೂ ಹೊರಹೋಗುತ್ತದೆ. ಪರೀಕ್ಷಿಸುವವರಿಗೆ ಒಂದು ಮಾತು: ಚಿಪ್‌ನ ಪಕ್ಕದಲ್ಲಿ ಸೋಲ್ಡರ್ ಮೇಲೇರಿಲ್ಲವೆಂದು ಬೋರ್ಡನ್ನು ತಿರಸ್ಕರಿಸಬೇಡಿ. ಅನೇಕ ಕ್ಯೂಎಫ್ಎನ್‌ಗಳ ಪಕ್ಕದಲ್ಲಿ ಕಾಣುವುದು ಕತ್ತರಿಸಿದ ಬರಿ ತಾಮ್ರ, ಅದಕ್ಕೆ ಸೋಲ್ಡರ್ ಹತ್ತದೆಯೂ ಇರಬಹುದು.

ಪ್ರಶ್ನೆ: ಲೆಡ್-ಫ್ರೀ ಬೆಸುಗೆಗಳು ಮಂಕಾಗಿವೆ. ಎಲ್ಲವೂ ಕೋಲ್ಡ್ ಜಾಯಿಂಟ್ (ಸರಿಯಾಗಿ ಕರಗಿ ಹಿಡಿಯದ ಬೆಸುಗೆ) ಆಗಿವೆಯೇ?

ಉತ್ತರ: ಇಲ್ಲ. ಎಸ್‌ಎಸಿ ಸೋಲ್ಡರಿನ ಮೇಲ್ಮೈ ಸಹಜವಾಗಿಯೇ ಮಂಕು, ಸ್ವಲ್ಪ ತರಿತರಿ. ಹೊಳಪಿನ ಬದಲು ಅಂಚನ್ನು ನೋಡಿ: ಸೋಲ್ಡರ್ ಪ್ಯಾಡಿನತ್ತ ತೆಳುವಾಗಿ ಇಳಿದಿದ್ದರೆ ಸರಿ, ಗುಂಡಾಗಿ ನಿಂತಿದ್ದರೆ ಹಿಡಿದಿಲ್ಲ.

ಪ್ರಶ್ನೆ: ಗ್ರೌಂಡ್‌ಗೆ ಸೇರಿದ ಕನೆಕ್ಟರ್ ಪಿನ್‌ಗಳನ್ನು ಕೈಯಿಂದ ಬೆಸೆಯುವಾಗ ಸೋಲ್ಡರ್ ರಂಧ್ರದೊಳಗೆ ಇಳಿಯುತ್ತಿಲ್ಲ. ಸೋಲ್ಡರಿಂಗ್ ಐರನ್ನನ್ನು 450 ಡಿಗ್ರಿಗೆ ಏರಿಸಬಹುದೇ?

ಉತ್ತರ: ಬೇಡ. ಅಷ್ಟು ಶಾಖಕ್ಕೆ ಫ್ಲಕ್ಸ್ ತನ್ನ ಕೆಲಸ ಮಾಡುವ ಮುಂಚೆಯೇ ಸುಟ್ಟುಹೋಗುತ್ತದೆ, ತುದಿ ಕಪ್ಪಾಗುತ್ತದೆ, ಪ್ಯಾಡ್ ಬೋರ್ಡಿನಿಂದ ಕಿತ್ತುಬರಬಹುದು. ಇಲ್ಲಿ ಸಾಲದೆ ಬಂದಿರುವುದು ಶಾಖ ಹರಿಯುವ ದಾರಿ. ಸೂಜಿಮೊನೆಯ ತುದಿ ಬಿಟ್ಟು ಅಗಲವಾದ ಉಳಿಮೊನೆಯ ತುದಿ ಹಾಕಿ, ಐರನ್ 350 ಡಿಗ್ರಿ ಸುತ್ತಮುತ್ತ ಇರಲಿ. ಬೋರ್ಡನ್ನು ಕೆಳಗಿನಿಂದ 100ರಿಂದ 120 ಡಿಗ್ರಿಗೆ ಬಿಸಿ ಮಾಡಿಕೊಳ್ಳಿ. ಕನೆಕ್ಟರ್‌ನ ಪ್ಲಾಸ್ಟಿಕ್ ಅದನ್ನು ತಾಳುತ್ತದೆಯೇ ಎಂದು ಡೇಟಾಶೀಟ್‌ನಲ್ಲಿ ಮೊದಲೇ ನೋಡಿರಿ. ರಂಧ್ರಕ್ಕೆ ಫ್ಲಕ್ಸ್ ಹಚ್ಚಿ, ತುದಿ ಪಿನ್ ಮತ್ತು ಪ್ಯಾಡ್ ಎರಡಕ್ಕೂ ತಾಗುವಂತೆ ಹಿಡಿದು, ತುದಿಯ ಎದುರು ಬದಿಯಿಂದ ಸೋಲ್ಡರ್ ತಂತಿ ಕೊಡಿ. ಎಲೆಕ್ಟ್ರಾನಿಕ್ ಜೋಡಣೆಯ ಗುಣಮಟ್ಟದ ಐಪಿಸಿ-ಎ-610 ಮಾನದಂಡದ 3ನೇ ವರ್ಗದ (ಅತಿ ಹೆಚ್ಚು ಭರವಸೆ ಬೇಕಾದ) ಕೆಲಸವಾದರೆ ರಂಧ್ರದ ಆಳದಲ್ಲಿ ಕನಿಷ್ಠ 75% ತುಂಬಿರಬೇಕು. ಆದ್ದರಿಂದ ಬೋರ್ಡ್ ತಿರುಗಿಸಿ ಇನ್ನೊಂದು ಬದಿಯಿಂದಲೂ ನೋಡಿ; ಕಡಿಮೆಯಿದ್ದರೆ ಮತ್ತೆ ಫ್ಲಕ್ಸ್ ಹಾಕಿ ಮೊದಲಿನ ಬದಿಯಿಂದಲೇ ತುಂಬಿ. ಇನ್ನೊಂದು ಬದಿಯಿಂದ ಸೋಲ್ಡರ್ ಮೆತ್ತಿದರೆ ಒಳಗೆ ಗಾಳಿ ಸಿಕ್ಕಿಕೊಳ್ಳುತ್ತದೆ.