ಮನೆ ಯಾವ ಕಡೆ ಮಾಡೋಣ?

ನಾನು ಆಪ್ತ ಸಮಾಲೋಚಕಿ. ಆ ಗಂಡ ಹೆಂಡತಿ ನನ್ನ ಹತ್ತಿರ ಬಂದಿದ್ದು ಫೆಬ್ರವರಿಯಲ್ಲಿ. ಒಬ್ಬರಿಗೊಬ್ಬರು ಮಾತು ಬಿಟ್ಟು ಹನ್ನೊಂದು ದಿನ ಆಗಿತ್ತು. ಕಾರಣ ಕೇಳಿದೆ. ಕಲಬುರಗಿಯಲ್ಲಿ ಯಾವ ಕಡೆ ಮನೆ ಮಾಡಬೇಕು ಅನ್ನೋದು, ಅಷ್ಟೇ. ಇಲ್ಲಿ ಹೆಸರು ಬಿಟ್ಟಿದ್ದೇನೆ, ಗುರುತು ಸಿಗುವ ವಿವರ ಬದಲಿಸಿದ್ದೇನೆ. ಬರೆಯಲು ಇಬ್ಬರೂ ಒಪ್ಪಿದ್ದಾರೆ.

ಗಂಡನಿಗೆ 34. ಚಿತ್ತಾಪುರ ತಾಲ್ಲೂಕಿನ ಒಂದು ಹಳ್ಳಿಯವರು, ಮಿನಿ ವಿಧಾನಸೌಧದ ಹತ್ತಿರ ಕಚೇರಿ ಕೆಲಸ. ಹೆಂಡತಿ ಸೇಡಂ ರಸ್ತೆಯ ಒಂದು ಆಸ್ಪತ್ರೆಯಲ್ಲಿ ನರ್ಸ್. ಮಗಳಿಗೆ ಐದೂವರೆ, ಮಗನಿಗೆ ಒಂದು ವರ್ಷ. ಬ್ರಹ್ಮಪುರದ ಓಣಿಯಲ್ಲಿ ಎರಡು ಕೋಣೆಯ ಬಾಡಿಗೆ ಮನೆ. ಗಂಡನ ತಾಯಿಯೂ ಜೊತೆಗಿದ್ದಾರೆ. ಜಾಗ ಸಾಲದು ಅನ್ನುವುದರಲ್ಲಿ ಯಾರಿಗೂ ತಕರಾರಿಲ್ಲ.

ಗಂಡನಿಗೆ ಹುಮನಾಬಾದ್ ರಸ್ತೆಯಲ್ಲಿ ರಿಂಗ್ ರೋಡ್ ದಾಟಿ ಒಂದು ಹೊಸ ಲೇಔಟ್ ಹಿಡಿಸಿತ್ತು. ಪ್ಲಾಟ್‌ಗೆ ಏಜೆಂಟನ ಕೈಗೆ ಮುಂಗಡವನ್ನೂ ಕೊಟ್ಟುಬಿಟ್ಟಿದ್ದರು. ಮಗಳನ್ನು ದೂರದ ದೊಡ್ಡ ಶಾಲೆಗೆ ಬಸ್ಸಲ್ಲಿ ಕಳಿಸುವ ಯೋಚನೆ. ಹೆಂಡತಿಗೆ ಬೇಕಿದ್ದದ್ದು ಸೇಡಂ ರಸ್ತೆ ಕಡೆಯ ಒಂದು ಹಳೆಯ ಕಾಲೋನಿ. ಶಹಾಬಾದ್ ಫರಸಿ ಕಲ್ಲು ಹಾಸಿದ ಹಳೆಯ ಮನೆಗಳು, ಬೇವಿನ ಮರ, ಕಿರಾಣಿ ಅಂಗಡಿ, ನಡೆದು ಹೋಗುವಷ್ಟು ದೂರದಲ್ಲಿ ಒಂದು ಸಾದಾ ಶಾಲೆ.

"ಇಕಿಗೆ ದೊಡ್ಡದು ಯಾವುದೂ ಬ್ಯಾಡ" ಅಂದರು ಗಂಡ. "ಇವರಿಗೆ ನಾಕು ಮಂದಿ ಏನಂತಾರ ಅನ್ನೋದೇ ಜಾಸ್ತಿ" ಅಂದರು ಹೆಂಡತಿ.

ಇಷ್ಟು ಗಟ್ಟಿ ಜಗಳದ ಕೆಳಗೆ ಸಾಮಾನ್ಯವಾಗಿ ಬೇರೆ ಏನೋ ಇರುತ್ತದೆ. ಎರಡನೇ ಸಲ ಒಬ್ಬೊಬ್ಬರನ್ನೇ ಕರೆದು ಕೂರಿಸಿದೆ.

ಗಂಡ ತುಂಬಾ ಹೊತ್ತು ಸುಮ್ನೆ ಕುಳಿತಿದ್ದರು. ಆಮೇಲೆ ಹೇಳಿದರು. ಡಿಸೆಂಬರ್‌ನಲ್ಲಿ ಮನೆಯಲ್ಲಿ ಹೇಳದೆ ಮಗಳನ್ನು ಕರೆದುಕೊಂಡು ಒಂದು ಶಾಲೆಗೆ ಹೋಗಿದ್ದರಂತೆ. ಅಲ್ಲಿ ತಂದೆ ತಾಯಿಗೂ ಇಂಟರ್‌ವ್ಯೂ. ಇಂಗ್ಲಿಷಿನಲ್ಲಿ ಕೇಳಿದರು. ಇವರಿಗೆ ಅರ್ಥವಾಯಿತು, ಆದರೆ ಬಾಯಿಂದ ಮಾತು ಬರಲಿಲ್ಲ. ಹೊರಗೆ ಬಂದ ಮೇಲೆ ಮಗಳು ಕೇಳಿದಳು, "ಪಪ್ಪಾ, ನಿಮಗ ಬರಲ್ಲೇನು?"

"ನಾ ಹೊಲದಾಗ ಬೆಳದಾವ ರೀ ಮೇಡಂ. ತೊಗರಿ ರಾಶಿ ಮಾಡಿ ಸಾಲಿಗಿ ಹೋದಾವ. ನನ್ನ ಮಗಳು ನನ್ನಂಗ ಬಾಯಿ ಕಟ್ಟಿ ನಿಂದರಬಾರದು."

ಎರಡು ತಿಂಗಳಿಂದ ಈ ಮಾತನ್ನು ಒಬ್ಬರೇ ಹೊತ್ತಿದ್ದರು. ಪ್ಲಾಟ್, ಬಸ್ಸು, ದೊಡ್ಡ ಶಾಲೆ ಎಲ್ಲವೂ ಆ ಒಂದು ಪ್ರಶ್ನೆಗೆ ಅವರು ಕೊಡಲು ಹೊರಟ ಉತ್ತರ. ಅದು ಅಹಂಕಾರ ಅಲ್ಲ, ಮಗಳ ಮೇಲಿನ ಪ್ರೀತಿ. ನಾನು ಅವರಿಗೆ ಮೊದಲು ಹೇಳಿದ್ದು ಅದನ್ನೇ. ಆಮೇಲೆ ಕಾನೂನಿನ ಮಾತು ಹೇಳಿದೆ. 2009ರ ಶಿಕ್ಷಣ ಹಕ್ಕು ಕಾಯ್ದೆಯ 13ನೇ ಕಲಂ ಪ್ರಕಾರ ಶಾಲೆಗೆ ಸೇರಿಸಿಕೊಳ್ಳುವಾಗ ಮಗುವಿಗಾಗಲಿ ತಂದೆ ತಾಯಿಗಾಗಲಿ ಪರೀಕ್ಷೆ, ಸಂದರ್ಶನ ಮಾಡಿ ಆರಿಸುವಂತಿಲ್ಲ. ಡೊನೇಷನ್ ಕೇಳುವಂತಿಲ್ಲ. ಅವತ್ತು ತಪ್ಪು ನಡೆದದ್ದು ಮೇಜಿನ ಆ ಕಡೆ, ನಿಮ್ಮ ಕಡೆ ಅಲ್ಲ. ಅವರು ಕರವಸ್ತ್ರ ತೆಗೆದರು.

ಹೆಂಡತಿಯ ಮಾತು ಬೇರೆ. ನೈಟ್ ಡ್ಯೂಟಿ ಮುಗಿಸಿ ಬೆಳಿಗ್ಗೆ ಮನೆಗೆ ಬಂದರೆ ಅಡುಗೆ, ಡಬ್ಬಿ, ಮಗು. ಊರಾಚೆಯ ಲೇಔಟ್‌ಗೆ ಹೋದರೆ ಅತ್ತೆ ಹಗಲೆಲ್ಲ ಒಬ್ಬರೇ, ಮಾತಿಗೆ ಜನ ಇಲ್ಲ, ಹತ್ತಿರ ಒಂದು ಔಷಧಿ ಅಂಗಡಿಯೂ ಇಲ್ಲ. "ಮಗುವಿಗೆ ಜ್ವರ ಬಂದರ ನಾ ಹೆಂಗ ಓಡಿ ಬರಲಿ?" ಅಂದರು. ಇದನ್ನು ಗಂಡನಿಗೆ ಇಷ್ಟು ಬಿಡಿಸಿ ಹೇಳಿಯೇ ಇರಲಿಲ್ಲ. ಬರೀ "ನನಗೆ ಅಲ್ಲಿ ಬೇಡ" ಅಂದಿದ್ದರು.

ಮೂರನೇ ಭೇಟಿಗೆ ಒಂದು ಕೆಲಸ ಕೊಟ್ಟಿದ್ದೆ. ಎರಡೂ ಜಾಗದಲ್ಲಿ ಏಪ್ರಿಲ್ ತಿಂಗಳ ಒಂದು ಮಂಗಳವಾರ ಹೇಗೆ ಹೋಗುತ್ತದೆ, ಗಂಟೆ ಗಂಟೆಗೆ ಬರೆದು ತನ್ನಿ ಅಂತ. ಏಪ್ರಿಲ್ ಯಾಕೆಂದರೆ ನಮ್ಮ ಕಡೆ ಆಗ ಬಿಸಿಲು 40 ದಾಟುತ್ತದೆ. ಬೇಸಿಗೆಯಲ್ಲಿ ಸರ್ಕಾರಿ ಕಚೇರಿಗಳನ್ನೇ ಬೆಳಿಗ್ಗೆ 8ರಿಂದ ಮಧ್ಯಾಹ್ನ 1.30ಕ್ಕೆ ಇಡುವ ಊರು ಇದು. ರಾಜ್ಯ ಪಠ್ಯಕ್ರಮದ ಶಾಲೆಗಳಿಗೆ ಏಪ್ರಿಲ್‌ನಲ್ಲಿ ರಜೆ ಶುರುವಾಗುತ್ತದೆ. ಕೆಲವು ಸಿಬಿಎಸ್‌ಇ ಶಾಲೆಗಳ ಹೊಸ ವರ್ಷ ಶುರುವಾಗುವುದೇ ಏಪ್ರಿಲ್‌ನಲ್ಲಿ. ಐದೂವರೆ ವರ್ಷದ ಮಗು ಆ ಬಿಸಿಲಲ್ಲಿ ಬಸ್ಸಲ್ಲಿ ಎಷ್ಟು ಹೊತ್ತು ಕೂರಬೇಕು? ಗಂಡ ತಾವೇ ಬರೆದು ತಂದ ಹಾಳೆಯಲ್ಲಿ, ಹೋಗಿ ಬರುವುದು ಸೇರಿ, ಒಂದು ಗಂಟೆ ನಲವತ್ತು ನಿಮಿಷ ಅಂತಿತ್ತು. ಓದಿ ಹೇಳುವಾಗ ಅವರ ದನಿ ತಾನಾಗಿಯೇ ತಗ್ಗಿತು.

ಆಮೇಲೆ ನಾನು ಕೊಟ್ಟ ಸಲಹೆ ಇದು.

ಈ ವರ್ಷ ಕೊಳ್ಳಬೇಡಿ. ಹನ್ನೊಂದು ತಿಂಗಳ ಕರಾರು ಮಾಡಿ ಬಾಡಿಗೆಗೆ ಇದ್ದು ನೋಡಿ. ಮನೆ ನೋಡಲು ಭಾನುವಾರ ಹೋಗಬೇಡಿ, ಭಾನುವಾರ ಎಲ್ಲ ಓಣಿಯೂ ಚೆನ್ನಾಗಿ ಕಾಣುತ್ತದೆ. ಕೆಲಸದ ದಿನ ಶಾಲೆ ಬಿಡುವ ಹೊತ್ತಿಗೆ ಒಮ್ಮೆ, ರಾತ್ರಿ 8ಕ್ಕೆ ಇನ್ನೊಮ್ಮೆ ಹೋಗಿ ನಿಲ್ಲಿ. ಮಕ್ಕಳು ಹೊರಗೆ ಆಡುತ್ತಾರಾ, ಬೀದಿ ದೀಪ ಇದೆಯಾ ನೋಡಿ. ನಳದ ನೀರು ಎಷ್ಟು ದಿನಕ್ಕೊಮ್ಮೆ ಬರುತ್ತದೆ ಅಂತ ಮನೆ ಮಾಲೀಕರನ್ನಲ್ಲ, ಪಕ್ಕದ ಮನೆಯ ಹೆಣ್ಣುಮಕ್ಕಳನ್ನು ಕೇಳಿ. ಊರಿಗೆ ಭೀಮಾ ಮತ್ತು ಬೆಣ್ಣೆತೊರಾದಿಂದ ನೀರು ಬರುತ್ತದೆ, ನಿಜ. ನಿಮ್ಮ ಓಣಿಗೆ ಯಾವಾಗ ಬರುತ್ತದೆ ಅನ್ನೋದು ಬೇರೆ ಲೆಕ್ಕ.

ಶಾಲೆಯಲ್ಲಿ ಕಟ್ಟಡ ನೋಡುವ ಮೊದಲು ಶೌಚಾಲಯ ನೋಡಿ. ಒಂದು ತರಗತಿಯಲ್ಲಿ ಎಷ್ಟು ಮಕ್ಕಳು ಅಂತ ಕೇಳಿ. ಹೋದ ವರ್ಷದ ಟೀಚರ್ ಈ ವರ್ಷವೂ ಇದ್ದಾರಾ ಕೇಳಿ. ಟೀಚರ್ ಪದೇ ಪದೇ ಬಿಟ್ಟು ಹೋಗುವ ಶಾಲೆಯಲ್ಲಿ ಸಣ್ಣ ಮಕ್ಕಳು ನೆಲೆ ನಿಲ್ಲುವುದಿಲ್ಲ, ನಾನು ತುಂಬಾ ನೋಡಿದ್ದೇನೆ. ಬೋರ್ಡಿನ ಮೇಲೆ ಸಿಬಿಎಸ್‌ಇ ಅಂತ ಬರೆದಿದ್ದರೆ ಮಾನ್ಯತೆ ಸಂಖ್ಯೆ ಕೇಳಿ, ಮಂಡಳಿಯ ಜಾಲತಾಣದಲ್ಲಿ ಹಾಕಿ ನೋಡಿ.

ಪ್ಲಾಟ್ ವಿಷಯ ವಕೀಲರದ್ದು, ನನ್ನದಲ್ಲ. ಆದರೂ ಎನ್.ಎ. (ಕೃಷಿ ಜಮೀನನ್ನು ಕೃಷಿಯೇತರ ಮಾಡುವುದು) ಆಗಿದೆಯಾ, ನಗರಾಭಿವೃದ್ಧಿ ಪ್ರಾಧಿಕಾರದಿಂದ ಲೇಔಟ್ ಮಂಜೂರಾಗಿದೆಯಾ, ಪಂಚಾಯಿತಿ ವ್ಯಾಪ್ತಿಯಲ್ಲಿದ್ದರೆ ಪಂಚಾಯಿತಿ ಆಸ್ತಿ ದಾಖಲೆಯಾದ ಇ-ಸ್ವತ್ತಿನ ನಮೂನೆ 9 ಮತ್ತು 11ಎ ಇವೆಯಾ ಕೇಳಿ ಅಂದೆ. ಏಜೆಂಟ್ ಅದರ ಬದಲು, ಮಂಜೂರಾತಿ ಇಲ್ಲದ ಆಸ್ತಿಗೆ ಕೊಡುವ 11ಬಿ ತೋರಿಸಿದರೆ ಅಲ್ಲೇ ನಿಲ್ಲಿಸಿ, ವಕೀಲರಿಗೆ ತೋರಿಸದೆ ಮುಂದೆ ಹೋಗಬೇಡಿ.

ಗಂಡನಿಗೆ ಬೇರೆಯಾಗಿ ಇನ್ನೆರಡು ಮಾತು ಹೇಳಿದೆ. ಡಿಸೆಂಬರ್‌ನ ಆ ದಿನದ ಕಥೆಯನ್ನು ಹೆಂಡತಿಗೆ ನೀವೇ ಹೇಳಿ, ನಾನು ಹೇಳುವುದಿಲ್ಲ. ಮಗಳಿಗೂ ಉತ್ತರ ಕೊಡಿ. "ಇಂಗ್ಲಿಷ್ ಮಾತಾಡಲು ನಾನೂ ಕಲೀತಾ ಇದ್ದೀನಿ" ಅಂದರೆ ಸಾಕು. ರಾತ್ರಿ ಹತ್ತು ನಿಮಿಷ ಅವಳಿಗೆ ನಿಮ್ಮ ಹೊಲದ ಕಥೆಯನ್ನು ನಿಮ್ಮ ಮಾತಿನಲ್ಲೇ ಹೇಳಿ. ಮನೆ ಮಾತು ಗಟ್ಟಿಯಿದ್ದ ಮಗುವಿಗೆ ಇನ್ನೊಂದು ಭಾಷೆ ಕಲಿಯಲು ಅದೇ ಆಸರೆ.

ಅವತ್ತು ರಾತ್ರಿಯೇ ಹೆಂಡತಿಗೆ ಹೇಳಿದರಂತೆ. ಅವರು ಮರುದಿನ ನನಗೆ ಫೋನ್ ಮಾಡಿ, "ಮೊದಲೇ ಹೇಳಿದ್ದರ ನಾ ಅಷ್ಟು ಮಾತಾಡ್ತಿರಲಿಲ್ರಿ" ಅಂತ ಅತ್ತರು.

ಮೇ ಕೊನೆಗೆ ಸೇಡಂ ರಸ್ತೆ ಕಡೆಯ ಕಾಲೋನಿಗೆ ಹೋದರು. ಎಲ್ಲ ಸುಲಭ ಆಗಲಿಲ್ಲ. ಮುಂಗಡದಲ್ಲಿ ಅರ್ಧ ಮಾತ್ರ ವಾಪಸ್ ಬಂತು, ಗಂಡನಿಗೆ ಆ ನೋವು ಇನ್ನೂ ಇದೆ. ಅಜ್ಜಿಗೆ ಶರಣಬಸವೇಶ್ವರ ಗುಡಿ ದೂರವಾಯಿತು, ಸೋಮವಾರ ಆಟೊದಲ್ಲಿ ಹೋಗಿ ಬರುತ್ತಾರೆ. ಮಗಳು ಮೊದಲ ವಾರ ಅತ್ತಳು, ಎರಡನೇ ವಾರ ಅಜ್ಜಿಯ ಕೈ ಹಿಡಿದು ಶಾಲೆಗೆ ನಡೆದು ಹೋದಳು. ಪಾಲಕರ ಸಭೆಗೆ ಗಂಡ ಒಬ್ಬರೇ ಹೋಗಿ ಕನ್ನಡದಲ್ಲೇ ಮಾತಾಡಿ ಬಂದಿದ್ದಾರೆ.

ಪ್ಲಾಟ್ ಆಸೆ ಅವರು ಬಿಟ್ಟಿಲ್ಲ. ಬಿಡಿ ಅಂತ ನಾನೂ ಹೇಳಿಲ್ಲ. ದೀಪಾವಳಿ ಮುಗಿದ ಮೇಲೆ ಇಬ್ಬರೂ ಕಾಗದಪತ್ರ ಹಿಡಿದು ಬರುತ್ತೇವೆ ಅಂದಿದ್ದಾರೆ.