ನಕ್ಷೆಯ ತಪ್ಪು ಕಂಡೂ ಬಾಯಿ ಬಿಡದವಳು

(ಗುರುತು ಸಿಗದಂತೆ ವಿವರಗಳನ್ನು ಬದಲಿಸಿದ್ದೇನೆ.)

ಶಿರಸಿ ಸೀಮೆಯ ಅಡಿಕೆ ಬೆಳೆಗಾರರ ಮಗಳು, ಎಲೆಕ್ಟ್ರಿಕಲ್ ಎಂಜಿನಿಯರಿಂಗ್ ಮುಗಿಸಿದವಳು. ಕಟ್ಟಡಗಳಿಗೆ ಬೆಳಕಿನ ವಿನ್ಯಾಸ ಮಾಡುವ ಬೆಂಗಳೂರಿನ ಕಚೇರಿಯೊಂದರಲ್ಲಿ ಇಂಟರ್ನ್‌ಶಿಪ್‌ಗೆ ಸೇರಿದ್ದಳು. ಹಬ್ಬಕ್ಕೆ ಬಂದವಳು ಮರಳಿ ಹೋಗಲು ಒಪ್ಪದಿದ್ದಾಗ ತಾಯಿ ಆಪ್ತ ಸಲಹೆಗೆಂದು ನನ್ನಲ್ಲಿಗೆ ಕರೆತಂದರು. ನಿದ್ದೆಯಿಲ್ಲ, ಕಚೇರಿಯಿಂದ ಫೋನ್ ಬಂದರೆ ಕೈ ನಡುಗುತ್ತದೆ. "ಕಾಲೇಜಿನಲ್ಲಿ ಟ್ರಾನ್ಸ್‌ಫಾರ್ಮರ್, ಮೋಟಾರು ಓದಿದೆ ಮೇಡಂ. ಅಲ್ಲಿ ಬೆಳಕಿನ ಪ್ರಮಾಣಕ್ಕೆ ಲಕ್ಸ್, ಬೆಳಕಿನ ಬಣ್ಣಕ್ಕೆ ಕೆಲ್ವಿನ್ ಎನ್ನುತ್ತಾರೆ. ನನಗೆ ಏನೂ ಬರುವುದಿಲ್ಲ" ಎಂದಳು.

ನಾನು ಕೆಲಸದ ಬಗ್ಗೆಯೇ ಕೇಳುತ್ತ ಹೋದೆ. ಸರ್ಕ್ಯೂಟಿನ ಲೋಡ್ ಲೆಕ್ಕ, ಸ್ವಿಚ್ ಬೋರ್ಡಿನ ಜಾಗ ಎಲ್ಲವನ್ನೂ ಸಲೀಸಾಗಿ ವಿವರಿಸಿದಳು. ಆಮೇಲೆ ನಿಜ ಸಂಗತಿ ಹೊರಬಿತ್ತು. ಮಲಗುವ ಕೋಣೆಯೊಂದರ ಸೀಲಿಂಗ್ ನಕ್ಷೆಯಲ್ಲಿ ಡೌನ್‌ಲೈಟುಗಳು, ಅಂದರೆ ಸೀಲಿಂಗಿನೊಳಗೆ ಕೂರಿಸುವ ದೀಪಗಳು, ಫ್ಯಾನಿನ ರೆಕ್ಕೆಗಳ ನೇರ ಮೇಲೆ ಬಂದಿದ್ದವು. ಫ್ಯಾನ್ ತಿರುಗಿದರೆ ರೆಕ್ಕೆಗಳು ಬೆಳಕನ್ನು ಕಡಿಯುತ್ತ ಹೋಗಿ ಹಾಸಿಗೆಯ ಮೇಲೆಲ್ಲ ನೆರಳು ಮಿಡುಕುತ್ತದೆ. ಅದು ಇವಳ ಕಣ್ಣಿಗೆ ಬಿದ್ದಿತ್ತು. ಹಿರಿಯರ ನಕ್ಷೆಯಲ್ಲವೇ ಎಂದು ಸುಮ್ಮನಿದ್ದಳು. ಸೀಲಿಂಗ್ ಕೊರೆದು ದೀಪ ಕೂರಿಸಿದ ಮೇಲೆ ಉಳಿದವರಿಗೂ ಗೊತ್ತಾಯಿತು. ಯಾರೂ ಇವಳನ್ನು ಬೈಯಲಿಲ್ಲ. ನಿದ್ದೆ ಹೋದದ್ದು ಮಾತ್ರ ಅಂದಿನಿಂದಲೇ.

ದೊಡ್ಡವರಿಗೆ ಎದುರಾಡಬಾರದೆಂದು ಬೆಳೆಸಿದ ನಮ್ಮ ಕಡೆಯ ಹೆಣ್ಣುಮಕ್ಕಳಲ್ಲಿ ಈ ಮೌನವನ್ನು ಪದೇ ಪದೇ ಕಾಣುತ್ತೇನೆ. ಕಂಡಾಗಲೆಲ್ಲ ಸಂಕಟವಾಗುತ್ತದೆ.

ಕಂಡದ್ದನ್ನು ಪ್ರಶ್ನೆಯಾಗಿ ಬರೆದು ಕಳುಹಿಸು ಎಂದೆ: "ಸರ್, ಈ ದೀಪ ಫ್ಯಾನಿನ ಮೇಲೆ ಬರುತ್ತಿದೆಯೇ, ಒಮ್ಮೆ ನೋಡುವಿರಾ?" ಅಂಥ ವಾಕ್ಯಗಳನ್ನು ನನ್ನೆದುರೇ ಕೂತು ಬರೆದಳು. ಬೆಳಕಿನ ವಿನ್ಯಾಸಕ್ಕೆ ಬಳಸುವ ಡೈಯಾಲಕ್ಸ್ ತಂತ್ರಾಂಶ ಉಚಿತವಾಗಿ ಸಿಗುತ್ತದೆ. ನಿಮ್ಮ ಮನೆಯ ಜಗಲಿಯನ್ನೇ ಅದರಲ್ಲಿ ಬಿಡಿಸಿ 2700 ಕೆಲ್ವಿನ್‌ನ ಹಳದಿ ಬೆಳಕನ್ನೂ 6500 ಕೆಲ್ವಿನ್‌ನ ಬಿಳಿ ಬೆಳಕನ್ನೂ ಹೋಲಿಸಿ ನೋಡು ಎಂದೆ. ಇಂಟರ್ನ್‌ಶಿಪ್‌ಗೆ ಕೊಡುವ ಭತ್ಯೆಯ ಮಾತು ಬಾಯಿಮಾತಿನಲ್ಲೇ ಇತ್ತು. ಅವಧಿ, ಭತ್ಯೆ, ಮಾರ್ಗದರ್ಶಕರ ಹೆಸರು ಇರುವ ಪತ್ರ ಕೇಳಲು ಹೇಳಿದೆ. ನಿದ್ದೆ ಸರಿಹೋಗದಿದ್ದರೆ ವೈದ್ಯರನ್ನು ಕಾಣಬೇಕು, ರಾತ್ರಿ ಹೊತ್ತು ದಿಗಿಲಾದರೆ ಸರ್ಕಾರದ ಮಾನಸಿಕ ಆರೋಗ್ಯ ಸಹಾಯವಾಣಿ ಟೆಲಿ ಮನಸ್‌ನ 14416ಕ್ಕೆ ಕರೆ ಮಾಡಬಹುದು.

ತಂದೆಯನ್ನೂ ಕರೆಸಿದೆ. "ಲೈಟ್ ಹಾಕುವುದಕ್ಕೆ ಇಷ್ಟು ಓದಬೇಕಿತ್ತೇ" ಎಂಬ ಮಾತನ್ನು ಇನ್ನು ಮನೆಯಲ್ಲಿ ಆಡಬೇಡಿ ಎಂದು ಕೇಳಿಕೊಂಡೆ. ಒಪ್ಪಿದರು.

ಅವಳು ಮರಳಿ ಹೋಗಿದ್ದಾಳೆ. ಬರೆದು ಕೇಳಿದ ಮೊದಲ ಪ್ರಶ್ನೆಗೆ ಹಿರಿಯರು ನಕ್ಷೆ ತಿದ್ದಿದರಂತೆ. ಭತ್ಯೆಯ ಪತ್ರ ಇನ್ನೂ ಕೈಸೇರಿಲ್ಲ. ಮತ್ತೊಮ್ಮೆ ಕೇಳಲು ಹೇಳಿದ್ದೇನೆ.